ಡಬ್ಬಿ ಮೇಲಿನ ‘ಮೇಡ್ ಇನ್ ಇಂಡಿಯಾ’ ನೋಡಿ ಸಹಿ ಹಾಕಿದೆ, ನೀವು ಹಾಕಬೇಡಿ

ಹುಬ್ಬಳ್ಳಿಯಲ್ಲಿ ಇಪ್ಪತ್ತು ವರ್ಷದಿಂದ ಎಲೆಕ್ಟ್ರಿಕಲ್ ಗುತ್ತಿಗೆ ಮಾಡಿಕೊಂಡು ಬಂದವನು ನಾನು. ಬಿಲ್ ತಡವಾಗಿದ್ದುಂಟು, ಡಿಪಾಸಿಟ್ ಸಿಕ್ಕಿಹಾಕಿಕೊಂಡದ್ದುಂಟು. ಡಿಬಾರ್ ಆದದ್ದು ಮಾತ್ರ ಇದೇ ಮೊದಲು. ಒಂದು ವರ್ಷ, ನನಗೆ ಕೆಲಸ ಕೊಟ್ಟಿದ್ದ ಸಂಸ್ಥೆಯ ಯಾವ ಟೆಂಡರಿಗೂ ಹಾಕುವಂತಿಲ್ಲ. ತಪ್ಪು ನನ್ನದೂ ಇದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಲೋಕಲ್ ಕಂಟೆಂಟ್, ಅಂದರೆ ಸಾಮಾನಿನ ಬೆಲೆಯಲ್ಲಿ ಸ್ವದೇಶಿ ಪಾಲು, ಇಷ್ಟಿದೆ ಅನ್ನುವ ಘೋಷಣೆಗೆ ಲೆಕ್ಕ ನೋಡದೆ ಸಹಿ ಹಾಕಿದವನು ನಾನೇ.

ಕೆಲಸ ದೊಡ್ಡದೇನಲ್ಲ. ಕೇಂದ್ರ ಸರ್ಕಾರದ ಅನುದಾನದಲ್ಲಿ ನಡೆಯುವ ಒಂದು ವಿದ್ಯಾಸಂಸ್ಥೆಯ ಹಾಸ್ಟೆಲ್ ಕಟ್ಟಡಕ್ಕೆ 38 ಲಕ್ಷದ ವಿದ್ಯುತ್ ಸಾಮಾನು. ಅದರಲ್ಲಿ ಮುಖ್ಯವಾದದ್ದು 1,140 ಎಲ್‌ಇಡಿ ಪ್ಯಾನೆಲ್ ಲೈಟು. ಟೆಂಡರ್ ಕಾಗದದ ಜೊತೆ ಒಂದು ಸ್ವಯಂ ಘೋಷಣೆ ಕೊಡಬೇಕಿತ್ತು: ನಾವು ಕೊಡುವ ಸಾಮಾನಿನಲ್ಲಿ ಲೋಕಲ್ ಕಂಟೆಂಟ್ ಇಷ್ಟು ಪರ್ಸೆಂಟ್, ಮೌಲ್ಯವರ್ಧನೆ ಆಗುವ ಜಾಗ ಇಂಥದ್ದು, ನಾವು ಕ್ಲಾಸ್ ಒನ್ ಲೋಕಲ್ ಸಪ್ಲೈಯರ್, ಅಂದರೆ ಮೊದಲ ದರ್ಜೆಯ ಸ್ವದೇಶಿ ಪೂರೈಕೆದಾರ. ಲೈಟು ಕೊಡುವ ಡೀಲರ್ ಅದನ್ನು ತಾನೇ ಟೈಪ್ ಮಾಡಿಸಿ ತಂದಿದ್ದ. 62 ಪರ್ಸೆಂಟ್ ಅಂತ ಬರೆದಿತ್ತು.

“ಹೆಂಗ್ರೀ ಇದು 62?” ಅಂದೆ.

“ತಲಿ ಕೆಡಿಸ್ಕೋಬ್ಯಾಡ್ರಿ ಸರ. ಡಬ್ಬಿ ಮ್ಯಾಲ ಮೇಡ್ ಇನ್ ಇಂಡಿಯಾ ಐತಿ, ಬಿಲ್ಲು ಬೆಂಗ್ಳೂರಿಂದು ಐತಿ. ಇನ್ನೇನ್ ಬೇಕ್ರಿ?”

ಸಂಜೆ ಐದಕ್ಕೆ ಪೋರ್ಟಲ್ ಮುಚ್ಚುತ್ತಿತ್ತು. ಹಾಕಿದೆ.

ಈ ನಿಯಮ 2017ರ ಜೂನಿನಿಂದಲೂ ಇದೆ. ಸರ್ಕಾರಿ ಖರೀದಿಯಲ್ಲಿ ‘ಮೇಕ್ ಇನ್ ಇಂಡಿಯಾ’ಗೆ ಆದ್ಯತೆ ಕೊಡುವ ಆದೇಶ, 2020ರಲ್ಲಿ ಬಿಗಿಯಾಯಿತು. ಸಾಮಾನಿನ ಬೆಲೆಯಲ್ಲಿ ಸ್ವದೇಶಿ ಪಾಲು 50 ಪರ್ಸೆಂಟ್ ಅಥವಾ ಮೇಲಿದ್ದರೆ ಕ್ಲಾಸ್ ಒನ್. 20ರಿಂದ 50ರ ಒಳಗಿದ್ದರೆ ಕ್ಲಾಸ್ ಟೂ. ಅದಕ್ಕೂ ಕೆಳಗಿದ್ದರೆ ಲೋಕಲ್ ಅಲ್ಲವೇ ಅಲ್ಲ. 5 ಲಕ್ಷಕ್ಕಿಂತ ಚಿಕ್ಕ ಖರೀದಿಗೆ ವಿನಾಯಿತಿ. 10 ಕೋಟಿ ದಾಟಿದರೆ ಆಡಿಟರ್ ಪ್ರಮಾಣಪತ್ರ ಬೇಕು, ಅದರ ಒಳಗೆ ನಮ್ಮ ಸಹಿಯೇ ಸಾಕು. ಸಾಕು ಅನ್ನುವುದೇ ಹಳ್ಳ. ಆಡಿಟರ್ ಇದ್ದಿದ್ದರೆ ಅವನಾದರೂ ಒಂದು ಪ್ರಶ್ನೆ ಕೇಳುತ್ತಿದ್ದ.

ಲೈಟೆಲ್ಲ ಹಾಕಿ ಮುಗಿಸಿದ ಮೇಲೆ ದೂರು ಹೋಯಿತು. ಕೊಟ್ಟವರು ಎಲ್ ಟೂ, ಅಂದರೆ ದರದಲ್ಲಿ ನನ್ನ ನಂತರ ಎರಡನೆಯವರಾಗಿದ್ದವರು, ನನಗಿಂತ ಏಳು ಪರ್ಸೆಂಟ್ ಹೆಚ್ಚು ದರ ಹಾಕಿದ್ದ ಅಪ್ಪಟ ಕ್ಲಾಸ್ ಒನ್ ಪಾರ್ಟಿ. ಅವರಿಗೆ ಸಿಟ್ಟು ಬಂದದ್ದರಲ್ಲಿ ತಪ್ಪೇನೂ ಇಲ್ಲ. ನಾನು ಕ್ಲಾಸ್ ಟೂ ಅಂತ ನಿಜ ಬರೆದಿದ್ದರೆ, ನನ್ನ ದರದಿಂದ 20 ಪರ್ಸೆಂಟ್ ಒಳಗಿದ್ದ ಅವರಿಗೆ ನನ್ನ ದರಕ್ಕೇ ಆ ಕೆಲಸ ಮಾಡಿಕೊಡುವ ಅವಕಾಶ ಹೋಗಬೇಕಿತ್ತು.

ಪರಿಶೀಲನೆಗೆ ಬಂದ ಎಂಜಿನಿಯರ್ ಒಂದು ಪ್ಯಾನೆಲ್ ಇಳಿಸಿ, ಡ್ರೈವರ್ ಡಬ್ಬಿ, ಅಂದರೆ ಲೈಟಿಗೆ ಬೇಕಾದ ಹಾಗೆ ಕರೆಂಟ್ ಕೊಡುವ ಭಾಗ, ತಿರುಗಿಸಿದರು. ಅದರ ಮೇಲೆ ಬಿಐಎಸ್‌ನ, ಅಂದರೆ ಭಾರತೀಯ ಮಾನಕ ಬ್ಯೂರೋದ, ಆರ್ ನಂಬರ್ (ನೋಂದಣಿ ಸಂಖ್ಯೆ) ಇತ್ತು. ಅದನ್ನು ಕಂಡು ನನಗೆ ಧೈರ್ಯವೇ ಬಂತು, ಸರ್ಕಾರಿ ಮುದ್ರೆ ಇದೆಯಲ್ಲ ಅಂತ. ಅವರು ಮೊಬೈಲಿನಲ್ಲಿ ಬಿಐಎಸ್ ಕೇರ್ ಆ್ಯಪ್ ತೆರೆದು ನಂಬರ್ ಒತ್ತಿ ನನ್ನ ಕಡೆ ಹಿಡಿದರು. ಕಾರ್ಖಾನೆಯ ವಿಳಾಸ ಚೀನಾದ್ದು. ಆರ್ ನಂಬರ್ ಹೇಳುವುದು ಸುರಕ್ಷತೆಯ ಮಾತು. ಹೊರದೇಶದ ಕಾರ್ಖಾನೆಗೂ ಅದು ಸಿಗುತ್ತದೆ. ಇಪ್ಪತ್ತು ವರ್ಷ ಲೈಟು ಹಾಕಿದವನಿಗೆ ಇಷ್ಟು ಗೊತ್ತಿರಲಿಲ್ಲ ಅನ್ನಲು ಈಗಲೂ ನಾಚಿಕೆ.

ಆಮೇಲೆ ಲೆಕ್ಕ ಕೇಳಿದರು. ಒಂದು ಲೈಟಿಗೆ ಜಿಎಸ್‌ಟಿ ಬಿಟ್ಟು 1,500 ರೂಪಾಯಿ. ಎಲ್‌ಇಡಿ ಚಿಪ್ಪು ಹೊರಗಿನದು, ಕಸ್ಟಮ್ಸ್ ಸುಂಕ ಸೇರಿ 430. ಬೆಳಕು ಹರಡುವ ಡಿಫ್ಯೂಸರ್ ಹಾಳೆ, ಅದೂ ಹೊರಗಿನದು, 130. ಡೀಲರ್ ಕಳೆದದ್ದು ಇವೆರಡನ್ನೇ. ಉಳಿದದ್ದು 940, ಅಂದರೆ 62 ಚಿಲ್ಲರೆ ಪರ್ಸೆಂಟ್. 320 ರೂಪಾಯಿಯ ಡ್ರೈವರನ್ನು ಆತ ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಯಿಂದ ಜಿಎಸ್‌ಟಿ ಬಿಲ್ ಸಮೇತ ಕೊಂಡಿದ್ದ. ಹಾಗಾಗಿ ಅದು ‘ಲೋಕಲ್’! 2024ರ ಜುಲೈನ ಪರಿಷ್ಕರಣೆ ಈ ಜಾಣತನಕ್ಕೇ ಕತ್ತರಿ ಹಾಕಿದೆ. ಆಮದು ಮಾಲನ್ನು ಇಲ್ಲಿಯ ವ್ಯಾಪಾರಿಯಿಂದ ಕೊಂಡರೂ ಅದು ಆಮದೇ. ಡಬ್ಬಿ ಬದಲಿಸಿ ಹೊಸ ಹೆಸರು ಅಂಟಿಸಿದರೂ ಅಷ್ಟೆ. ಡ್ರೈವರ್ ಕಳೆದಾಗ 62 ಹೋಗಿ 41 ಆಯಿತು.

ಅಲ್ಲಿಗೂ ನಿಲ್ಲಲಿಲ್ಲ. ಆ 1,500ರಲ್ಲಿ ಸಾಗಾಣಿಕೆ, ಫಿಟ್ಟಿಂಗ್ ಕೂಲಿ ಅಂತ 150 ಸೇರಿತ್ತು. ನಮ್ಮ ಹುಡುಗರೇ ಏಣಿ ಹತ್ತಿ ಹಾಕಿದ ಕೂಲಿ ಅದು, ಅದಕ್ಕಿಂತ ಸ್ವದೇಶಿ ಯಾವುದು? ಆದರೆ ಸಾಗಾಣಿಕೆ, ವಿಮೆ, ಅಳವಡಿಕೆ, ತರಬೇತಿ, ಮಾರಾಟದ ನಂತರದ ನಿರ್ವಹಣೆ ಇವನ್ನೆಲ್ಲ ಲೋಕಲ್ ಕಂಟೆಂಟ್ ಅಂತ ತೋರಿಸುವಂತಿಲ್ಲ. ಕಡೆಗೆ ಉಳಿದದ್ದು 470 ರೂಪಾಯಿ. 31 ಪರ್ಸೆಂಟ್. ನಾನು ಬರೆದುಕೊಟ್ಟದ್ದರ ಅರ್ಧ.

ಡೀಲರ್‌ಗೆ ಫೋನ್ ಮಾಡಿದೆ. “ನಾ ಟೈಪ್ ಅಷ್ಟ ಮಾಡಿಸೀನ್ರಿ, ಸಹಿ ನಿಮ್ದಲ್ರೀ” ಅಂದ. ಲೈಟು ಜೋಡಿಸಿದ ಕಾರ್ಖಾನೆಯವರನ್ನು ಆಮದಿನ ಬಿಲ್ ಆಫ್ ಎಂಟ್ರಿ, ಅಂದರೆ ಕಸ್ಟಮ್ಸ್‌ಗೆ ಕೊಟ್ಟ ಆಮದಿನ ಕಾಗದ, ಕೇಳಿದೆ. ಅದು ವ್ಯಾಪಾರದ ಗುಟ್ಟು, ಕೊಡುವುದಿಲ್ಲ ಅಂದರು.

ಸುಳ್ಳು ಘೋಷಣೆ ಅಂದರೆ ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳಲ್ಲಿ ಪ್ರಾಮಾಣಿಕತೆಯ ಸಂಹಿತೆ ಮುರಿದ ಹಾಗೆ. ಎರಡು ವರ್ಷದವರೆಗೆ ಡಿಬಾರ್ ಮಾಡಬಹುದು. ನನಗೆ ಒಂದು ವರ್ಷಕ್ಕೆ ಮುಗಿಯಿತು. 1 ಲಕ್ಷ 90 ಸಾವಿರದ ಬ್ಯಾಂಕ್ ಗ್ಯಾರಂಟಿ ಹೋಯಿತು, 1,140 ಲೈಟು ಇಳಿಸಿ ವಾಪಸ್ ತಂದೆ. ಈ ಅವಧಿ ಮುಗಿಯುವ ತನಕ ಬೇರೆ ಕೇಂದ್ರ ಕಚೇರಿಗಳ ಟೆಂಡರಿನಲ್ಲೂ ನನಗೆ ಲೋಕಲ್ ಅನ್ನುವ ಆದ್ಯತೆ ಸಿಗುವುದಿಲ್ಲ.

ನಾವು ರಾಜ್ಯ ಸರ್ಕಾರದ ಕೆಲಸ ಮಾಡುವವರು, ನಮಗೇನು ಅನ್ನಬೇಡಿ. ಕೇಂದ್ರದ ಯೋಜನೆಯ ದುಡ್ಡು ಸ್ವಲ್ಪ ಸೇರಿದ್ದರೂ, ಟೆಂಡರ್ ಕರೆದದ್ದು ನಗರಸಭೆಯೇ ಆಗಿದ್ದರೂ ಈ ಆದೇಶ ಹಿಂದೆಯೇ ಬರುತ್ತದೆ. ಸಿವಿಲ್ ಕೆಲಸದವರಿಗೆ ಕಬ್ಬಿಣ, ಉಕ್ಕಿನ ವಿಷಯದಲ್ಲಿ ಉಕ್ಕು ಸಚಿವಾಲಯದ ಪ್ರತ್ಯೇಕ ನೀತಿಯೇ ಇದೆ, ಅದನ್ನೂ ಓದಿಕೊಳ್ಳಿ. ಡೀಲರ್ ಪರ್ಸೆಂಟ್ ಹೇಳಿದ ಕೂಡಲೇ ಬಿಡಿಭಾಗದ ಪಟ್ಟಿ ಕೇಳಿ, ಒಂದೊಂದರ ಎದುರು ಎಲ್ಲಿಯದು, ಎಷ್ಟು ರೂಪಾಯಿ ಅಂತ ತಯಾರಕರ ಲೆಟರ್‌ಹೆಡ್‌ನಲ್ಲೇ ಬರೆಸಿಕೊಳ್ಳಿ. ಸ್ಯಾಂಪಲ್ ಬಿಚ್ಚಿ ಒಳಗಿನ ನಂಬರನ್ನೂ ಆ್ಯಪಿನಲ್ಲಿ ಒತ್ತಿ ನೋಡಿ. ಎರಡು ನಿಮಿಷದ ಕೆಲಸ. ಪಟ್ಟಿ ಕೊಡಲ್ಲ ಅಂದರೆ ಆ ಡೀಲರನ್ನೇ ಬಿಟ್ಟುಬಿಡಿ. ಸಂಜೆ ಐದಕ್ಕೆ ಪೋರ್ಟಲ್ ಮುಚ್ಚಿದರೆ ಮುಚ್ಚಲಿ.

ಆ ಲೈಟುಗಳು ಈಗ ತಾರಿಹಾಳದ ನನ್ನ ಗೋದಾಮಿನಲ್ಲಿವೆ. ಲೈಟಿಗೇನೂ ಕೊರತೆ ಇಲ್ಲ, ಒಂದೂ ಕೆಟ್ಟಿಲ್ಲ. ಖಾಸಗಿ ಕಟ್ಟಡಕ್ಕೆ ಬೇಕಾದವರು ಬನ್ನಿ, ಅಸಲಿಗೇ ಕೊಡುತ್ತೇನೆ. ಡ್ರೈವರ್ ಚೀನಾದ್ದು ಅಂತ ಬಿಲ್ಲಿನಲ್ಲೇ ಬರೆದುಕೊಡುತ್ತೇನೆ.