ಬಿರಿಯುವ ಗ್ಲೇಜೋ, ಉಕ್ಕುವ ಗ್ಲೇಜೋ?

ಗ್ಲೇಜು ಅಂದರೆ ಮಣ್ಣಿನ ಸಾಮಾನಿಗೆ ಬಳಿದು ಸುಟ್ಟರೆ ಗಾಜಿನಂತಾಗುವ ಲೇಪ. ನನ್ನ ಓಟು ಬಿರಿಯುವ ಗ್ಲೇಜಿಗೆ. ಆದರೆ ಆಸೆಪಟ್ಟು ಶುರುಮಾಡಿದ್ದು ಉಕ್ಕುವುದನ್ನು. ಬಳ್ಳಾರಿಯಿಂದ ಹೊಸಪೇಟೆ ಕಡೆ ಹೋಗುವಾಗ ಕುಡತಿನಿ ಹತ್ತಿರ ಬೂದಿದಿಬ್ಬ ಇದೆ. ನವಶಿಲಾಯುಗದ ದನಗಾಹಿಗಳು ಸುಟ್ಟ ಸಗಣಿ ಅಲ್ಲಿ ಕರಗಿ, ತೂತು ತೂತಾಗಿ, ಕಬ್ಬಿಣದ ಕಿಟ್ಟದ ಹಾಗೆ ಗಟ್ಟಿಯಾಗಿದೆ. ನಾನು ಮಾಡುವ ಮಣ್ಣಿನ ತಲೆಗಳಿಗೂ ಅಂಥ ಮೈ ಬರಬೇಕು, ಗ್ಲೇಜು ಬರೀ ಬಣ್ಣದ ಪದರವಾಗದೆ ತಾನೇ ಶಿಲ್ಪವಾಗಬೇಕು ಅನ್ನೋದು ನನ್ನ ಹಟ.

ಉಕ್ಕುವ ಗ್ಲೇಜಿಗೆ ಸಿಲಿಕಾನ್ ಕಾರ್ಬೈಡ್ ಹಾಕಬೇಕು. ಇಂಗ್ಲೆಂಡಿನ ಕುಂಬಾರಿಕೆ ಕಲಾವಿದೆ ಲೂಸಿ ರೀ ಕುಳಿಬಿದ್ದ ಮೈ ತರಿಸಿದ್ದೂ ಇದರಿಂದಲೇ. ಗ್ಲೇಜು ಕರಗುವಾಗ ಈ ಪುಡಿ ಅನಿಲ ಬಿಡುತ್ತದೆ, ಗುಳ್ಳೆ ಒಡೆದ ಕಡೆ ಕುಳಿ ಉಳಿಯುತ್ತದೆ. ನೂರು ಗ್ರಾಂ ಗ್ಲೇಜಿಗೆ ಎರಡು-ಮೂರು ಗ್ರಾಂ ಸಾಕು.

ಪುಡಿ ತಂದಿದ್ದು ಗ್ರಾನೈಟ್ ಪಾಲಿಶ್ ಸಾಮಾನಿನ ಅಂಗಡಿಯಿಂದ. ಎಡವಿದ್ದು ಅಲ್ಲೇ. ಬೇಕಿದ್ದದ್ದು 600 ನಂಬರಿನ ನುಣ್ಣನೆ ಪುಡಿ, ಕೊಟ್ಟದ್ದು 120ರದ್ದು, ಬೆರಳಿಗೆ ತರಿತರಿ ಸಿಗುವಂಥದ್ದು. ನೋಡದೆ ಕಲಸಿ, ದಪ್ಪಗೆ ಮೆತ್ತಿ, 1220 ಡಿಗ್ರಿಯಲ್ಲಿ ಇಪ್ಪತ್ತು ನಿಮಿಷ ನಿಲ್ಲಿಸಿದೆ. ಮರುದಿನ ಭಟ್ಟಿಯ ಮುಚ್ಚಳ ತೆಗೆದರೆ, ಹಾಲು ಉಕ್ಕಿದ ಹಾಗೆ ಉಕ್ಕಿ, ಕಿವಿ ಮೂಗು ಎಲ್ಲ ಮುಳುಗಿ, ಕತ್ತಿನಿಂದ ಇಳಿದು, ಭಟ್ಟಿಯೊಳಗೆ ತಲೆ ಇಟ್ಟಿದ್ದ ಬೆಂಕಿ ತಡೆಯುವ ಹಲಗೆಗೆ ಕಚ್ಚಿಕೊಂಡಿತ್ತು. ಒರಟು ಕಾಳುಗಳು ಪೂರ್ತಿ ಉರಿಯದೆ ಮಸಿಚುಕ್ಕೆಯಾಗಿ ಉಳಿದಿದ್ದವು. ಉಳಿ ಇಟ್ಟು ಬಡಿದೆ, ತಲೆ ಬರಲಿಲ್ಲ, ಹಲಗೆಯ ಚಕ್ಕೆ ಎದ್ದು ಬಂತು. ಅಲ್ಯುಮಿನಾ, ಚೈನಾ ಕ್ಲೇ ಸಮಸಮ ಕಲಸಿ, ಗ್ಲೇಜು ಅಂಟದಿರಲಿ ಅಂತ ಹಲಗೆಗೆ ಮೊದಲೇ ಬಳಿದಿದ್ದೆ. ಅಷ್ಟು ಗ್ಲೇಜಿಗೆ ಅದು ಯಾವ ಲೆಕ್ಕ. ಕುಳಿಯ ಅಂಚು ಬ್ಲೇಡಿನಷ್ಟು ಚೂಪು, ಹೆಬ್ಬೆರಳು ಕುಯ್ದಿತು. ನನ್ನ ಹತ್ತಿರ ಇದ್ದದ್ದೇ ಮೂರು ಹಲಗೆ. ಒಂದು ಹಲಗೆಯ ದುಡ್ಡಿಗೆ ನನಗೆ ಆರು ತಿಂಗಳ ಗ್ಲೇಜ್ ಸಾಮಾನು ಬರುತ್ತದೆ.

ಆಮೇಲೆ 600ರ ಪುಡಿ ತರಿಸಿ, ಕೆಳಗೆ ಹಳೇ ತಟ್ಟೆ ಇಟ್ಟು ಸುಟ್ಟೆ. ಕುಳಿ ಚೆನ್ನಾಗೇ ಬಂದವು, ಆದರೆ ನಾನು ತಿದ್ದಿದ ಹುಬ್ಬು ಹೋಯಿತು.

ಬಿರಿಯುವುದರಲ್ಲಿ ಈ ಕಷ್ಟವಿಲ್ಲ. ಅದಕ್ಕೆ ಹಗುರ ಜಾತಿಯ ಮೆಗ್ನೀಸಿಯಂ ಕಾರ್ಬೊನೇಟ್ ಸಾಕು, ಜಿಮ್‌ನವರು ಕೈಗೆ ಹಚ್ಚುವ ಬಿಳಿ ಚಾಕ್ ಪುಡಿಯೂ ಅದೇ. ಇದು ನೀರು ಬಹಳ ಕುಡಿಯುತ್ತದೆ, ಒಣಗುವಾಗ ಕುಗ್ಗಿ ಕೆರೆಯಂಗಳದ ಹಾಗೆ ಸೀಳುತ್ತದೆ. ಬೆಂಕಿಯಲ್ಲಿ ಆ ತುಂಡುಗಳು ಅಂಚು ಎಳೆದುಕೊಂಡು ದುಂಡಗಾಗಿ, ಬಂಡೆ ಮೇಲಿನ ಕಲ್ಲುಹೂವಿನಂತೆ ಕೂರುತ್ತವೆ. ನಾನು ಸೋತದ್ದು ಇದಕ್ಕೇ: ಬಿರುಕು ಸುಡುವ ಮೊದಲೇ ಕಣ್ಣಿಗೆ ಕಾಣುತ್ತದೆ. ಒದ್ದೆ ಇರುವಾಗ ಸೂಜಿಯಿಂದ ಗೀರಿದರೆ ಸೀಳು ಬಹುಮಟ್ಟಿಗೆ ಅದೇ ದಾರಿ ಹಿಡಿಯುತ್ತದೆ. ಹಣೆಯ ಗೆರೆಗಳನ್ನು ನಾನು ಹೀಗೇ ಬರೆಯುತ್ತೇನೆ. ನಮ್ಮ ಏಪ್ರಿಲ್ ಬಿಸಿಲಿಗೆ ಮಾತ್ರ ಬೇಗ ಒಣಗಿ ಹಕ್ಕಳೆ ಉದುರುತ್ತದೆ, ಒದ್ದೆ ಬಟ್ಟೆ ಹೊದಿಸಿ.

ತಿನ್ನುವ ತಟ್ಟೆಗೆ ಎರಡೂ ಬೇಡ.

ಭಟ್ಟಿ ದೊಡ್ಡದಿದ್ದು, ಹಲಗೆ ಹೋದರೂ ತಡೆಯುತ್ತದೆ ಅನ್ನುವವರು ಉಕ್ಕುವುದನ್ನು ಮಾಡಿ ನೋಡಿ. ನಾನು ಭಾನುವಾರಕ್ಕೊಮ್ಮೆ ಸುಡುವವನು. ಮಿಕ್ಕ 120ರ ಪುಡಿಯನ್ನು ಗಾಜಿನ ಮೇಲೆ ನೀರು ಬೆರೆಸಿ ಹರಡಿ, ತಲೆಗಳ ತಳ ಉಜ್ಜಿ ಸಮ ಮಾಡೋಕೆ ಬಳಸುತ್ತಿದ್ದೇನೆ.