"ಮನೆ ಖಾಲಿ, ಕೀ ನಮ್ಮಲ್ಲೇ ಉಂಟು": ಬ್ರೋಕರ್‌ಗೆ ಫೋಟೋ ಕೊಡುವ ಮೊದಲು ಓದಿ

ಮಂಗಳೂರು, ಉಡುಪಿ ಕಡೆ ಹಳೆ ಮನೆ ಮಾರಲಿಕ್ಕೆ ಇಟ್ಟವರು, ಅದರಲ್ಲೂ ಬೀಗ ಹಾಕಿ ದಮ್ಮಾಮಿನಲ್ಲೋ ಮುಂಬೈಯಲ್ಲೋ ಕೂತವರು, ಇದನ್ನು ಓದಿ. ಬೀಗ, ಸಿಸಿ ಕ್ಯಾಮೆರಾ ಹಾಕಿಕೊಡುವುದೇ ನನ್ನ ಕಸುಬು. ಊರಿಗೆಲ್ಲ ಬುದ್ಧಿ ಹೇಳುವವನೇ ಬೇಸ್ತು ಬಿದ್ದೆ ಅಂತ ಬರೆಯಲಿಕ್ಕೆ ನಾಚಿಕೆ. ಆದರೂ ಬರೆಯುತ್ತೇನೆ.

ಮಾರಲಿಕ್ಕೆ ಇಟ್ಟ ನಮ್ಮ ಮನೆ ಮಂಗಳೂರಿನ ಬೋಂದೇಲ್ ಕಡೆಯದ್ದು, ಹಂಚಿನದ್ದು, ಸದ್ಯ ಯಾರೂ ಇಲ್ಲ. ಬ್ರೋಕರ್ ಹತ್ತಿರ ಮಾತಾದದ್ದು ಇಷ್ಟು: 8 ಫೋಟೋ, ವಿಳಾಸ ಹಾಕುವುದಿಲ್ಲ, ಒಳಗಿನದ್ದು ಖಾತ್ರಿ ಪಾರ್ಟಿಗೆ ಮಾತ್ರ. ಹತ್ತು ದಿನ ಕಳೆದು ಒಂದು ಫೋನು. ಎಷ್ಟು ಸೆಂಟ್ಸ್ ಕೇಳಲಿಲ್ಲ, ಕನ್ವರ್ಷನ್ ಆಗಿದೆಯಾ ಕೇಳಲಿಲ್ಲ, ಏಪ್ರಿಲ್‌ನಲ್ಲಿ ಬಾವಿಯಲ್ಲಿ ನೀರು ಇರುತ್ತದಾ ಅಂತಲೂ ಕೇಳಲಿಲ್ಲ. "ಹಿಂದಿನ ಬಾಗಿಲಿಗೆ ಅದೇ ಹಳೇ ಚಿಲಕವಾ? ರಾತ್ರಿ ಅಲ್ಲಿ ಯಾರೂ ಮಲಗುದಿಲ್ವಾ?" ಮನೆ ತಗೊಳ್ಳುವವನು ಕೇಳುವ ಪ್ರಶ್ನೆಯಾ ಇದು?

ಜಾಹೀರಾತು ತೆಗೆದು ನೋಡಿದೆ. 8 ಅಲ್ಲ, 31 ಫೋಟೋ. ಮ್ಯಾಪಿನ ಗುರುತು ಸೀದಾ ನಮ್ಮ ಗೇಟಿನ ಮೇಲೆ. ಕೆಳಗೆ ಒಂದು ಸಾಲು: "ಮನೆ ಖಾಲಿ, ಕೀ ನಮ್ಮಲ್ಲೇ ಉಂಟು, ಯಾವಾಗ ಬೇಕಾದರೂ ನೋಡಬಹುದು." ಖಾಲಿ ಅಂತ ಬರೆಯುತ್ತಾರಾ ಯಾರಾದರೂ? ಗೇಟಿಗೆ ಬೋರ್ಡ್ ಹಾಕಿದ ಹಾಗೆ!

17ನೇ ಫೋಟೋ ನೋಡಿ ಕೈಕಾಲು ತಣ್ಣಗಾಯಿತು. ಚಾವಡಿಯ ಮೇಜು, ಅದರ ಮೇಲೆ ಕೀಗೊಂಚಲು, ಚಪ್ಪಟೆಯಾಗಿ, ಕ್ಯಾಮೆರಾಕ್ಕೆ ಎದುರಾಗಿ. ಬ್ರೋಕರ್ ಕಳಿಸಿದ ಹುಡುಗ ಬಾಗಿಲು ತೆಗೆದು ಅಲ್ಲಿ ಇಟ್ಟು, ಅದರ ಸಮೇತ ಕ್ಲಿಕ್ ಮಾಡಿದ್ದಾನೆ. ಝೂಮ್ ಮಾಡಿದರೆ ಮುಂಬಾಗಿಲಿನ ಕೀಯ ಐದೂ ಕಚ್ಚು ಲೆಕ್ಕಕ್ಕೆ ಸಿಗುತ್ತದೆ. ಪಿನ್ ಲಾಕಿನ (ಒಳಗೆ ಸಣ್ಣ ಕಡ್ಡಿಗಳಿರುವ ಬೀಗ) ಕೀ ಅಂದರೆ ಅಷ್ಟೇ: ಯಾವ ಕಚ್ಚು ಎಷ್ಟು ಆಳ. ಒಂದೊಂದು ಕಂಪನಿಯ ಲಾಕಿಗೂ ಆ ಆಳಗಳು ಇಂತಿಷ್ಟೇ ಅಂತ ನಿಗದಿ, ಆದ್ದರಿಂದ ಮಿಲಿಮೀಟರ್ ಲೆಕ್ಕ ನಿಖರವಾಗಿ ಸಿಗಬೇಕೆಂದೇ ಇಲ್ಲ, ಹತ್ತಿರದ್ದು ಗೊತ್ತಾದರೆ ಸಾಕು. ಕಚ್ಚು ಹಾಕದ ಬ್ಲ್ಯಾಂಕ್ ಕೀ ತಗೊಂಡು ಅರ ಹಿಡಿದು ಕೂತರೆ ಆಯಿತು. ಇದು ನನ್ನ ಕಲ್ಪನೆಯಲ್ಲ. 2008ರಲ್ಲಿ ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು 195 ಅಡಿ ದೂರದ ಮಾಳಿಗೆಯಿಂದ ಟೆಲಿಫೋಟೋ ಲೆನ್ಸಿನಲ್ಲಿ ಮೇಜಿನ ಮೇಲಿನ ಕೀ ಹಿಡಿದು, ಅದರ ಕಚ್ಚುಗಳನ್ನು ಕಂಪ್ಯೂಟರಿನಲ್ಲಿ ಓದಿ ತೋರಿಸಿದ್ದಾರೆ. ನಮ್ಮ ಹುಡುಗ ತೆಗೆದದ್ದು ನಾಲ್ಕಡಿಯಿಂದ.

ಬ್ರೋಕರ್‌ಗೆ ಫೋನ್ ಮಾಡಿದೆ.

"ಎಂತ ಆಗುದಿಲ್ಲ ಮಾರಾಯ್ರೆ, ಎಲ್ಲರೂ ಹಾಕುದೇ ಹಾಗೆ."

ಕೀ ಕಾಣುತ್ತದೆ ಅಂದೆ. "ಫೋಟೋ ನೋಡಿ ಯಾರು ಕೀ ಮಾಡ್ತಾರೆ ಸರ್, ನೀವು ಸಿನಿಮಾ ನೋಡುದು ಜಾಸ್ತಿಯಾಯ್ತು."

8 ಅಂತ ಹೇಳಿದ್ದಲ್ಲವಾ ಅಂದೆ. "ಫೋಟೋ ಜಾಸ್ತಿ ಇದ್ದರೆ ಮೇಲೆ ಕಾಣ್ತದೆ. ನಿಮ್ಮ ಒಳ್ಳೇದಕ್ಕೇ."

ನನ್ನ ಒಳ್ಳೇದಕ್ಕೆ! ಆಮೇಲೆ "ಹುಡುಗನಿಗೆ ಹೇಳ್ತೇನೆ, ತೆಗೀತಾನೆ" ಅಂದರು. ಹುಡುಗ ತೆಗೆಯಲಿಲ್ಲ. ಮೂರು ಸಲ ಹೇಳಿದೆ, ತೆಗೆಯಲಿಲ್ಲ.

ಉಳಿದ ಫೋಟೋಗಳನ್ನು ಕಳ್ಳನ ಕಣ್ಣಿಟ್ಟು ನೋಡುತ್ತಾ ಹೋದೆ. ಅಡುಗೆಕೋಣೆಯಲ್ಲಿ ಮೇಲಕ್ಕೆ ಹಿಡಿದ ಫೋಟೋ: ಮುಚ್ಚಿಗೆ ಇಲ್ಲ, ಹಂಚು ನೇರ ಕಾಣುತ್ತದೆ. ಮಂಗಳೂರು ಹಂಚು ರೀಪಿನ ಮೇಲೆ ಕೂತಿರುವುದು ಅದರ ಕೊಕ್ಕೆ ಮತ್ತು ಭಾರದಿಂದ, ಮೊಳೆಯಿಂದಲ್ಲ. ಮೇಲೆ ಹತ್ತಿದವನು ನಾಲ್ಕು ಹಂಚು ಸರಿಸಿ ಒಂದು ರೀಪು ಮುರಿದರೆ ಒಳಗೆ. ಆಟಿಯ ಮಳೆಯಲ್ಲಿ ಆ ಸದ್ದು ಪಕ್ಕದ ಮನೆಗೆ ಕೇಳುವುದಿಲ್ಲ. ಬಚ್ಚಲಿನ ಫೋಟೋದಲ್ಲಿ ಲೂವರ್ ಕಿಟಕಿ, ಹೊರಗೆ ಗ್ರಿಲ್ ಇಲ್ಲ. ಆ ಗಾಜಿನ ಪಟ್ಟಿಗಳನ್ನು ಕ್ಲಿಪ್ ಬಗ್ಗಿಸಿ ಒಂದೊಂದಾಗಿ ಎಳೆಯಬಹುದು. ಹಿಂಬಾಗಿಲಿನದ್ದು ಒಳಗಿನಿಂದ ತೆಗೆದದ್ದು: ಒಂದು ಟವರ್ ಬೋಲ್ಟ್, ಅರ್ಧ ಇಂಚಿನ ಸ್ಕ್ರೂ, ಅಡ್ಡಪಟ್ಟಿ ಇಲ್ಲ. ಫೋನ್ ಮಾಡಿದವನು ಕೇಳಿದ್ದು ಇದನ್ನೇ ನೋಡಿ. ಮಲಗುವ ಕೋಣೆಯ ಗೋದ್ರೇಜ್ ಕಪಾಟು ಬೇರೆ, ಯಾವ ಮೂಲೆ ಅಂತ ಹುಡುಕುವ ಕಷ್ಟವೂ ಇಲ್ಲ.

ಕ್ಯಾಮೆರಾ ಇತ್ತಲ್ಲ ಅಂತ ಕೇಳಬಹುದು. ಇತ್ತು, ನಾನೇ ಹಾಕಿದ್ದು. ಟಿವಿ ಪಕ್ಕದ ಮಾನಿಟರ್ ಆನ್ ಇಟ್ಟೇ ಫೋಟೋ ಹೊಡೆದಿದ್ದಾರೆ. ನಾಲ್ಕು ಕ್ಯಾಮೆರಾದ ನಾಲ್ಕು ಚೌಕ ಸ್ಪಷ್ಟ: ಗೇಟು, ಸಿಟೌಟು, ಬಾವಿ, ಕಾರು ನಿಲ್ಲಿಸುವಲ್ಲಿ. ಹಿತ್ತಿಲಿಗೆ ಇಲ್ಲ ಅಂತ ಅದನ್ನು ನೋಡಿದ ಯಾರಿಗೂ ಗೊತ್ತಾಗುತ್ತದೆ. ಮಾನಿಟರ್ ಕೆಳಗೆ ರೆಕಾರ್ಡಿಂಗ್ ಉಳಿಯುವ ಡಿವಿಆರ್ ಪೆಟ್ಟಿಗೆ, ಅಂದರೆ ಹೋಗುವಾಗ ಏನನ್ನು ಎತ್ತಿಕೊಂಡು ಹೋಗಬೇಕು ಅಂತಲೂ ತಿಳಿಯಿತು. ಪಕ್ಕದಲ್ಲಿ ರೂಟರ್, ಸ್ಟಿಕರ್ ಈ ಕಡೆಗೇ, ವೈಫೈ ಪಾಸ್‌ವರ್ಡ್ ಸಮೇತ. ಸಿಟೌಟಿನ ಫೋಟೋದಲ್ಲಿ ಮೆಸ್ಕಾಂ ಮೀಟರ್, ಮೇನ್ ಸ್ವಿಚ್. ಯುಪಿಎಸ್ ಇಲ್ಲದ ಕ್ಯಾಮೆರಾ ಮೇನ್ ಆಫ್ ಮಾಡಿದ ಕ್ಷಣವೇ ಕುರುಡು.

ಇನ್ನೊಂದು ನನ್ನದೇ ತಪ್ಪು. "ಕ್ಲಿಯರ್ ಇಲ್ಲ ಸರ್, ಡಾಕ್ಯುಮೆಂಟ್ ಮಾಡಿ ಕಳಿಸಿ" ಅಂದರು, ಆರು ಫೋಟೋ ಹಾಗೇ ಕಳಿಸಿದೆ. ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಿದರೆ ಒಳಗಿನ ಜಿಪಿಎಸ್ ಮಾಹಿತಿ ಉದುರಿಹೋಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಉಳಿಯುತ್ತದೆ. ಲೊಕೇಶನ್ ಆನ್ ಇದ್ದ ಫೋನಿನ ಫೋಟೋದಲ್ಲಿ ಅಕ್ಷಾಂಶ, ರೇಖಾಂಶ, ತೆಗೆದ ಗಂಟೆ ಎಲ್ಲ ಇರುತ್ತದೆ, ಮನೆಯ ಅಂಗಳದವರೆಗೆ ತಂದು ನಿಲ್ಲಿಸುತ್ತದೆ. ದೊಡ್ಡ ತಾಣಗಳು ಸಾಮಾನ್ಯವಾಗಿ ಇದನ್ನು ಅಳಿಸುತ್ತವೆ. ಆದರೆ ಇವರು ಮೂಲ ಫೋಟೋಗಳನ್ನು ಡ್ರೈವ್ ಲಿಂಕ್ ಮಾಡಿ ಬ್ರೋಕರ್‌ಗಳ ಗ್ರೂಪಿಗೆಲ್ಲ ಹಂಚಿದ್ದಾರೆ. ಡ್ರೈವ್ ಏನನ್ನೂ ಅಳಿಸುವುದಿಲ್ಲ.

ನಾನು ಮಾಡಿದ್ದು: ಮುಂಬಾಗಿಲಿನ ಲಾಕಿನ ಸಿಲಿಂಡರ್ (ಕೀ ಹಾಕಿ ತಿರುಗಿಸುವ ಭಾಗ) ಬದಲಿಸಿದೆ. ಇಡೀ ಲಾಕ್ ಕಳಚಬೇಕಿಲ್ಲ, ಬಾಗಿಲಿನ ಅಂಚಿನ ಒಂದು ಉದ್ದ ಸ್ಕ್ರೂ ತೆಗೆದು, ಕೀ ಸ್ವಲ್ಪ ತಿರುಗಿಸಿದರೆ ಸಿಲಿಂಡರ್ ಜಾರಿ ಹೊರಬರುತ್ತದೆ. ಹೊಸದನ್ನು ಅಳತೆ ನೋಡಿ ತನ್ನಿ, ಪ್ಲೇಟಿನಿಂದ 3 ಮಿ.ಮೀ.ಗಿಂತ ಹೊರಗೆ ಚಾಚಿದರೆ ಹಿಡಿದು ಮುರಿಯುವುದು ಸುಲಭ. ಹಿಂಬಾಗಿಲಿಗೆ ಕಬ್ಬಿಣದ ಅಡ್ಡಪಟ್ಟಿ, ಹಿತ್ತಿಲಿಗೆ ಐದನೇ ಕ್ಯಾಮೆರಾ, ಡಿವಿಆರ್ ಅಟ್ಟಕ್ಕೆ, ಅದಕ್ಕೂ ರೂಟರಿಗೂ ಯುಪಿಎಸ್, ಪಾಸ್‌ವರ್ಡ್ ಹೊಸದು. ಎಲ್ಲ ನನ್ನ ಖರ್ಚು.

ನೀವು ಮಾಡಬೇಕಾದ್ದು: ಫೋಟೋ ನೀವೇ ತೆಗೆಯಿರಿ, ಲೊಕೇಶನ್ ಆಫ್ ಮಾಡಿ. ಕೀ, ಮಾನಿಟರ್, ರೂಟರ್ ಮೊದಲೇ ಎತ್ತಿಡಿ, ಆಮೇಲೆ ಮಸುಕು ಮಾಡಿದರಾಯಿತು ಅಂತ ಕೂರಬೇಡಿ. ಫೋನಿನ ಕಪ್ಪು ಹೈಲೈಟರ್ ಬಳಿದರೆ ಬ್ರೈಟ್‌ನೆಸ್ ಏರಿಸಿದಾಗ ಅಡಿಯದ್ದು ಮತ್ತೆ ಕಾಣಬಹುದು. ಗೂಗಲ್ ಪಿಕ್ಸೆಲ್ ಫೋನಿನಲ್ಲಿ ಫೋಟೋ ತಿದ್ದುವ ಮಾರ್ಕಪ್‌ನಲ್ಲಿ ಕತ್ತರಿಸಿ ತೆಗೆದ ಭಾಗವೂ ಫೈಲಿನಿಂದ ಮರಳಿ ಸಿಗುತ್ತಿತ್ತು ಅಂತ 2023ರಲ್ಲಿ ಬಯಲಾಗಿ ದೊಡ್ಡ ಸುದ್ದಿಯಾಗಿತ್ತು. ಚಾವಡಿ, ಕೋಣೆಯ ಅಳತೆ, ಹೊರನೋಟ ಸಾಕು. ಬಾಗಿಲಿನ ಒಳಬದಿ ಬೇಡ, ಬಚ್ಚಲಿನ ಕಿಟಕಿ ಬೇಡ. ಮ್ಯಾಪಿನ ಗುರುತು ಹತ್ತಿರದ ಜಂಕ್ಷನ್‌ಗೆ ಹಾಕಿಸಿ. "ಖಾಲಿ" ಅನ್ನುವ ಶಬ್ದವೇ ಬೇಡ. ಕೀ ಬ್ರೋಕರ್ ಕೈಗೆ ಕೊಡಲೇಬೇಡಿ, ಪಾರ್ಟಿ ಬಂದಾಗ ನೆಂಟರನ್ನೋ ಪಕ್ಕದ ಮನೆಯವರನ್ನೋ ಕಳಿಸಿ. ಜಾಹೀರಾತು ತೆಗೆಸಲಿಕ್ಕೆ ಬ್ರೋಕರ್ ಕಾಲು ಹಿಡಿದು ಸಮಯ ಹಾಳು ಮಾಡಬೇಡಿ. 2021ರ ಐಟಿ ನಿಯಮದ ಪ್ರಕಾರ ತಾಣದವರು ದೂರು ಅಧಿಕಾರಿಯ ಹೆಸರು, ಸಂಪರ್ಕ ಪ್ರಕಟಿಸಿರಬೇಕು. ಸ್ಕ್ರೀನ್‌ಶಾಟ್ ಇಟ್ಟು ಅವರಿಗೇ ಬರೆಯಿರಿ. ನಾನು ಬರೆದ ಮೇಲೇ ಅದು ಇಳಿದದ್ದು. ಗ್ರೂಪುಗಳಲ್ಲಿ ಹರಿದಾಡಿದ್ದು ಮಾತ್ರ ಹರಿದಾಡುತ್ತಲೇ ಇದೆ.

ನಿನ್ನೆ ಬ್ರೋಕರ್ ಮೆಸೇಜು ಬಂತು. ಕ್ಷಮಿಸಿ ಅಂತ ಇರಬಹುದು ಅಂದುಕೊಂಡು ತೆಗೆದೆ. "ಸರ್ ಒಂದು ಒಳ್ಳೆ ಪಾರ್ಟಿ ಉಂಟು, ಹಳೇ ಕೀ ಹಿಡೀತಾ ಇಲ್ಲ. ಹೊಸದರ ಒಂದು ಫೋಟೋ ಹಾಕ್ತೀರಾ, ಯಾವುದು ಅಂತ ಗೊತ್ತಾಗ್ಲಿಕ್ಕೆ?"