ಪರ್ಸೆಪೊಲಿಸ್, ಫನ್ ಹೋಮ್: ಮೊದಲು ಯಾವುದನ್ನು ಓದಬೇಕು?

ಚಿತ್ರರೂಪದ ಆತ್ಮಕಥನಕ್ಕೆ ಹೊಸಬರಾದವರು ಮರ್ಜಾನೆ ಸತ್ರಾಪಿಯವರ 'ಪರ್ಸೆಪೊಲಿಸ್'ನಿಂದ ತೊಡಗುವುದು ಒಳಿತು. 1979ರ ಕ್ರಾಂತಿಯ ನಂತರದ ಇರಾನಿನಲ್ಲಿ ಹತ್ತರ ಹುಡುಗಿಗೆ ತಲೆವಸ್ತ್ರ ಕಡ್ಡಾಯವಾಗುತ್ತದೆ. ಮುಂದೆ ಮಗಳ ಆಸೆಗಾಗಿ ಹೆತ್ತವರು ಪಾಪ್ ಗಾಯಕಿಯ ಪೋಸ್ಟರನ್ನು ಕೋಟಿನ ಒಳಪದರದಲ್ಲಿ ಹೊಲಿದು ತುರ್ಕಿಯಿಂದ ತರುವಾಗ, ಆ ಕಪ್ಪು-ಬಿಳುಪು ಚಿತ್ರಗಳಲ್ಲಿ ಭಯವೂ ಅಕ್ಕರೆಯೂ ಒಟ್ಟಿಗೇ ಕಾಣುತ್ತವೆ.

ಆಲಿಸನ್ ಬೆಕ್ಡೆಲ್ ಅವರ 'ಫನ್ ಹೋಮ್' (2006) ನಿಧಾನವಾಗಿ ಓದಬೇಕಾದ ಕೃತಿ. ಪೆನ್ಸಿಲ್ವೇನಿಯಾದ ಸಣ್ಣ ಊರಿನಲ್ಲಿ ಶವಸಂಸ್ಕಾರದ ವೃತ್ತಿಯಲ್ಲಿದ್ದ ತಂದೆ ಮುಚ್ಚಿಟ್ಟಿದ್ದ ಸಲಿಂಗಾಸಕ್ತಿಯನ್ನು, ತಾನು ಲೆಸ್ಬಿಯನ್ ಎಂದು ಮನೆಗೆ ತಿಳಿಸಿದ ಬಳಿಕವಷ್ಟೇ ಅರಿಯುವ ಮಗಳು ಅವೇ ನೆನಪುಗಳಿಗೆ ಮತ್ತೆ ಮತ್ತೆ ಮರಳುತ್ತಾಳೆ. ಬಾಲ್ಯದ ದಿನಚರಿಯ ವಾಕ್ಯಗಳ ನಡುವೆ 'ನನಗನಿಸುತ್ತದೆ' ಎಂದು ಸೇರಿಸುತ್ತಿದ್ದ ಆಕೆ, ಕಡೆಗೆ ಅದನ್ನೊಂದು ಪುಟ್ಟ ಗುರುತಾಗಿಸಿ ಬರಹದ ಮೇಲೆಲ್ಲ ಎಳೆಯುತ್ತಾಳೆ. ತನ್ನ ಕಣ್ಣನ್ನೇ ನಂಬಲಾಗದ ಆ ವಯಸ್ಸನ್ನು ಇಷ್ಟು ನಿಖರವಾಗಿ ತೋರಿಸಿರುವುದರಿಂದಲೇ ನನಗೆ ಈ ಕೃತಿ ಹೆಚ್ಚು ಆಪ್ತವಾಗಿದೆ.